ಮಾತು ಕಡಿಮೆ ಇರುವವರಿಗೆ ಸಣ್ಣ ಕಾಲೇಜೇ ಸರಿಯೇ?

ಪ್ರಶ್ನೆ: ನನಗೆ ಗಣಿತದಲ್ಲಿ ಆಸಕ್ತಿ ಇದೆ, ಆದರೆ ಇತಿಹಾಸವನ್ನು ಬಿಟ್ಟುಬಿಡಲು ಮನಸ್ಸಿಲ್ಲ. ಸ್ವಭಾವದಿಂದ ಮಾತು ಕಡಿಮೆ. ದೊಡ್ಡ ಗುಂಪಿನಲ್ಲಿ ಮುದುಡಿಕೊಳ್ಳುತ್ತೇನೆ, ಹಾಗೆಂದು ಒಂಟಿಯಾಗಿರುವುದೂ ಇಷ್ಟವಿಲ್ಲ. ಎರಡು ಕಡೆ ಪ್ರವೇಶ ಸಿಗುವ ಸಾಧ್ಯತೆ ಇದೆ: ಒಂದು, ಸಾವಿರಾರು ವಿದ್ಯಾರ್ಥಿಗಳಿರುವ ಹೆಸರಾಂತ ವಿಶ್ವವಿದ್ಯಾಲಯ. ಇನ್ನೊಂದು, ಎಲ್ಲರೂ ಹಾಸ್ಟೆಲಿನಲ್ಲೇ ಇರುವ ಸಣ್ಣ ಕಾಲೇಜು. ಮನೆಯವರು ರ‍್ಯಾಂಕಿಂಗ್ ತೋರಿಸಿ ಮೊದಲನೆಯದಕ್ಕೆ ಸೇರು ಎನ್ನುತ್ತಾರೆ. ಗೆಳೆಯರು, ಎರಡೂ ಕಡೆ ಹೋಗಿ ನೋಡು, ಮನಸ್ಸಿಗೆ ಹಿಡಿಸಿದ ಕಡೆ ಸೇರು ಎನ್ನುತ್ತಾರೆ. ನನಗಂತೂ ಸಣ್ಣ ಕಾಲೇಜೇ ಸರಿ ಅನ್ನಿಸುತ್ತಿದೆ. ಹೇಗೆ ನಿರ್ಧರಿಸಲಿ?

ಉತ್ತರ: ‘ಮಾತು ಕಡಿಮೆ’ ಎಂಬಲ್ಲಿಂದ ‘ಸಣ್ಣ ಕಾಲೇಜೇ ಸರಿ’ ಎಂಬಲ್ಲಿಗೆ ನೀವು ಒಂದೇ ಹೆಜ್ಜೆಯಲ್ಲಿ ಬಂದುಬಿಟ್ಟಿದ್ದೀರಿ. ಬಹಳ ಮಂದಿ ಹೀಗೇ ಬರುತ್ತಾರೆ, ಕೆಲವರಿಗೆ ಅದು ಸರಿಹೋಗುವುದೂ ಉಂಟು. ಆದರೆ ಸಂಸ್ಥೆಯ ಒಟ್ಟು ಗಾತ್ರವು ವಿದ್ಯಾರ್ಥಿಯ ದಿನಚರಿಯನ್ನು ನೇರವಾಗಿ ಮುಟ್ಟುವುದಿಲ್ಲ. ಎಷ್ಟೇ ದೊಡ್ಡ ಕ್ಯಾಂಪಸ್ಸಿನಲ್ಲಿಯೂ ಒಬ್ಬ ವಿದ್ಯಾರ್ಥಿ ದಿನವೊಂದರಲ್ಲಿ ನಿಜವಾಗಿ ಮುಖಾಮುಖಿಯಾಗುವುದು ಕೆಲವೇ ಮಂದಿಯನ್ನು. ಆ ಕೆಲವರು ನಾಳೆಯೂ ಅವರೇ ಆಗಿರುತ್ತಾರೋ ಅಥವಾ ಬದಲಾಗುತ್ತಲೇ ಇರುತ್ತಾರೋ, ಅವರೊಡನೆ ಮಾತಾಡಲು ಕಾರಣವೊಂದು ತಾನಾಗಿ ಒದಗುತ್ತದೋ ಅಥವಾ ನೀವೇ ಹುಡುಕಿಕೊಳ್ಳಬೇಕೋ ಎಂಬುದನ್ನು ತೀರ್ಮಾನಿಸುವುದು ವೇಳಾಪಟ್ಟಿ, ತರಗತಿಯ ಸ್ವರೂಪ, ಹಾಸ್ಟೆಲಿನ ಕಟ್ಟಡ ಮತ್ತು ವಿಷಯಗಳ ಆಯ್ಕೆಯ ನಿಯಮಗಳು. ಆದ್ದರಿಂದ ನಿಮ್ಮ ಸ್ವಭಾವಕ್ಕೂ ಕಾಲೇಜಿನ ‘ವಾತಾವರಣ’ಕ್ಕೂ ತಾಳೆ ನೋಡುವ ಬದಲು, ನಿಮ್ಮ ಒಂದೊಂದು ಒಲವನ್ನೂ ಇಂಥ ಯಾವುದಾದರೊಂದು ವ್ಯವಸ್ಥೆಯ ಕುರಿತ ಪ್ರಶ್ನೆಯಾಗಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ.

ಮೊದಲು ತರಗತಿಯ ಗಾತ್ರವನ್ನು ನೋಡೋಣ. ‘ನಮ್ಮಲ್ಲಿ ತರಗತಿಗೆ ಸರಾಸರಿ 20 ವಿದ್ಯಾರ್ಥಿಗಳು’ ಎಂದು ಬರೆದುಕೊಳ್ಳುವ ಕಾಲೇಜು ಸುಳ್ಳು ಹೇಳದೆಯೂ ದಾರಿ ತಪ್ಪಿಸಬಲ್ಲದು. ಒಂದು ಕಡೆ ಹತ್ತು ತರಗತಿಗಳಿವೆ ಎನ್ನಿ. ಒಂಬತ್ತರಲ್ಲಿ ತಲಾ 10 ಮಂದಿ, ಒಂದರಲ್ಲಿ 110 ಮಂದಿ. ಒಟ್ಟು 200 ಮಂದಿ, ಹತ್ತು ತರಗತಿ, ಸರಾಸರಿ 20. ಇದು ಕಚೇರಿಯ ಕಡೆಯಿಂದ ಮಾಡಿದ ಲೆಕ್ಕ. ಅದೇ 200 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೇಳಿದರೆ, ತಮ್ಮ ಜೊತೆ ಕೂರುವವರು 110 ಜನ ಎನ್ನುವವರು 110 ಮಂದಿ, 10 ಜನ ಎನ್ನುವವರು 90 ಮಂದಿ. ಅವರೆಲ್ಲರ ಉತ್ತರಗಳ ಸರಾಸರಿ ತೆಗೆದರೆ 65 ಬರುತ್ತದೆ. ಗಣಿತದ ಆಸಕ್ತಿ ಇರುವ ನಿಮಗೆ ಇದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಇನ್ನು ಪ್ರಕಟವಾದ ಅಂಕಿಯೇ ತಪ್ಪಾಗಿರುವುದೂ ಇದೆ. 2022ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡೇಯಸ್, ತಮ್ಮದೇ ವಿಶ್ವವಿದ್ಯಾಲಯ ರ‍್ಯಾಂಕಿಂಗಿಗಾಗಿ ಕೊಟ್ಟಿದ್ದ ಅಂಕಿಗಳನ್ನು ಪ್ರಶ್ನಿಸಿದರು. ಇಪ್ಪತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಗಳು ಶೇ 80ಕ್ಕೂ ಹೆಚ್ಚು ಎಂದಿದ್ದ ಲೆಕ್ಕ, ಅದೇ ವರ್ಷ ಪರಿಷ್ಕರಿಸಿದಾಗ ಶೇ 57ರ ಆಸುಪಾಸಿಗೆ ಇಳಿಯಿತು. ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಸಂಸ್ಥೆ ಹದಿನೆಂಟಕ್ಕೆ ಕುಸಿಯಿತು.

ಹಾಗಾಗಿ ಸರಾಸರಿಯನ್ನು ಬದಿಗಿಟ್ಟು ಬಿಡಿಬಿಡಿಯಾಗಿ ಕೇಳಿ. ಮೊದಲ ವರ್ಷದ ಗಣಿತದ ಕಡ್ಡಾಯ ತರಗತಿಯಲ್ಲಿ ಎಷ್ಟು ಜನ ಕೂರುತ್ತಾರೆ? ಅದರ ಜೊತೆಗೆ ಸಣ್ಣ ಗುಂಪಿನ ಟ್ಯುಟೋರಿಯಲ್ ಇದೆಯೇ, ಇದ್ದರೆ ಗುಂಪು ಇಡೀ ಸೆಮಿಸ್ಟರಿಗೆ ಅದೇ ಇರುತ್ತದೆಯೇ? ಅದನ್ನು ನಡೆಸುವವರು ಅಧ್ಯಾಪಕರೋ, ಸಂಶೋಧನಾ ವಿದ್ಯಾರ್ಥಿಗಳೋ? ಇಪ್ಪತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಆಕ್ಸ್‌ಫರ್ಡಿನಲ್ಲಿ ಪದವಿ ಓದಿನ ಬೆನ್ನೆಲುಬೇ ಒಬ್ಬ ಅಧ್ಯಾಪಕರ ಎದುರು ಇಬ್ಬರೋ ಮೂವರೋ ವಿದ್ಯಾರ್ಥಿಗಳು ಕೂತು ನಡೆಸುವ ಟ್ಯುಟೋರಿಯಲ್. ಗಾತ್ರದಿಂದ ಅದು ದೊಡ್ಡದು, ದಿನಚರಿಯಿಂದ ಅತ್ಯಂತ ಸಣ್ಣದು. ಇಲ್ಲಿಯೇ ನಿಮ್ಮ ಸ್ವಭಾವವನ್ನೂ ಸ್ವಲ್ಪ ಸೂಕ್ಷ್ಮವಾಗಿ ನೋಡಿಕೊಳ್ಳಬೇಕಾಗುತ್ತದೆ. ಮಾತು ಕಡಿಮೆ ಎನ್ನುವವರಲ್ಲಿ ಕೆಲವರು ಗುಂಪಿನಲ್ಲಿ ಸುಮ್ಮನಿದ್ದು ಒಬ್ಬರ ಎದುರು ಚೆನ್ನಾಗಿ ಮಾತಾಡುತ್ತಾರೆ. ಇನ್ನು ಕೆಲವರಿಗೆ ಎಷ್ಟೇ ಜನರಿರಲಿ, ಯೋಚಿಸಲು ಸಮಯ ಬೇಕು, ಥಟ್ಟನೆ ಕೇಳಿದರೆ ಬಾಯಿ ಕಟ್ಟುತ್ತದೆ. ಮೊದಲನೆಯವರಿಗೆ ಇಬ್ಬರ ಟ್ಯುಟೋರಿಯಲ್ ವರದಾನ. ಎರಡನೆಯವರಿಗೆ ಅದೇ ವಾರವಾರದ ಶಿಕ್ಷೆಯಾಗಬಹುದು. ಅವರಿಗೆ ಮೊದಲೇ ಬರೆದು ತಂದು ಓದುವ, ಅಥವಾ ಪ್ರಯೋಗಾಲಯದಂತೆ ಕೈಕೆಲಸದ ನಡುವೆ ಮಾತು ಸಾಗುವ ತರಗತಿಗಳು ಹೆಚ್ಚು ಒಗ್ಗುತ್ತವೆ. ನೀವು ಯಾವ ಬಗೆಯವರು ಎಂಬುದು ಪತ್ರದಿಂದ ತಿಳಿಯುವುದಿಲ್ಲ, ನಿಮಗೆ ತಿಳಿದಿರುತ್ತದೆ.

ಇನ್ನು ಸ್ನೇಹದ ಮಾತು. ಸಣ್ಣ ಕಾಲೇಜಿನಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು ಎಂಬುದನ್ನು ನೀವು ಅನುಕೂಲವೆಂದೇ ಎಣಿಸಿದಂತಿದೆ. ಅದು ಅನುಕೂಲವೂ ಹೌದು, ತೊಡಕೂ ಹೌದು. ಮೊದಲ ತಿಂಗಳಲ್ಲಿ ನಿಮ್ಮ ಬಗ್ಗೆ ಮೂಡಿದ ಅಭಿಪ್ರಾಯ ಅಲ್ಲಿ ಕೊನೆಯ ವರ್ಷದವರೆಗೂ ಅಂಟಿಕೊಂಡಿರಬಹುದು, ಒಂದು ಗುಂಪಿನೊಡನೆ ಮನಸ್ತಾಪವಾದರೆ ಸರಿದು ಹೋಗಲು ಇನ್ನೊಂದು ಗುಂಪೇ ಇಲ್ಲದಿರಬಹುದು, ಸಂಜೆ ಯಾರ ಕಣ್ಣಿಗೂ ಬೀಳದೆ ಒಬ್ಬರೇ ಇರಬೇಕೆನಿಸಿದಾಗ ಜಾಗ ಸಿಗದಿರಬಹುದು. ಗುಂಪಿನಲ್ಲಿ ಮುದುಡಿಕೊಳ್ಳುವವರಿಗೆ ಅನಾಮಧೇಯತೆಯೂ ಕೆಲವೊಮ್ಮೆ ಒಂದು ಆಶ್ರಯ ಎಂಬುದನ್ನು ಅವರೇ ಮರೆತುಬಿಡುತ್ತಾರೆ.

ಏಂಜೆಲಾ ಬಾನ್ಸ್ ಮತ್ತು ಸಂಗಡಿಗರು ಅಮೆರಿಕದ ಕಾನ್ಸಾಸ್ ರಾಜ್ಯದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿಯೂ ಸಣ್ಣ ಕಾಲೇಜುಗಳಲ್ಲಿಯೂ ಜೋಡಿ ಗೆಳೆಯರನ್ನು ಹೋಲಿಸಿ ನೋಡಿದ ಅಧ್ಯಯನ ಇಲ್ಲಿ ಉಪಯುಕ್ತ. ದೊಡ್ಡ ಕಡೆ ವೈವಿಧ್ಯ ಹೆಚ್ಚಿದ್ದರೂ ಅಲ್ಲಿನ ಗೆಳೆಯರು ಅಭಿಪ್ರಾಯ, ನಂಬಿಕೆ, ಅಭ್ಯಾಸಗಳಲ್ಲಿ ಒಬ್ಬರನ್ನೊಬ್ಬರು ಹೆಚ್ಚು ಹೋಲುತ್ತಿದ್ದರು. ಆಯ್ಕೆ ಹೆಚ್ಚಿದ್ದಷ್ಟೂ ಜನ ತಮ್ಮಂಥವರನ್ನೇ ಹುಡುಕಿಕೊಳ್ಳುತ್ತಾರೆ. ಸಣ್ಣ ಕಡೆ, ಸಿಕ್ಕವರ ಜೊತೆಯೇ ಸ್ನೇಹ ಬೆಳೆಯಬೇಕಾದ್ದರಿಂದ ಗೆಳೆಯರ ನಡುವೆ ವ್ಯತ್ಯಾಸ ಹೆಚ್ಚಿತ್ತು. ಈಗ ನಿಮ್ಮ ಆಸಕ್ತಿಯನ್ನು ಇದರ ಪಕ್ಕದಲ್ಲಿಡಿ. ಗಣಿತ ಮತ್ತು ಇತಿಹಾಸ ಎರಡರ ಬಗ್ಗೆಯೂ ರಾತ್ರಿಯಿಡೀ ಮಾತಾಡಬಲ್ಲ ಇನ್ನೊಬ್ಬರು ನಿಮಗೆ ಬೇಕೆಂದಿದ್ದರೆ, ಅಂಥವರು ಸಿಗುವ ಸಾಧ್ಯತೆ ದೊಡ್ಡ ಕಡೆ ಹೆಚ್ಚು, ಆದರೆ ಹುಡುಕುವ ಕೆಲಸ ನಿಮ್ಮದು. ನಿಮ್ಮಂತಿರದವರ ಜೊತೆ ಹೊಂದಿಕೊಂಡು ಹೋಗುವುದು ನಿಮಗೆ ಕಷ್ಟವಲ್ಲವಾದರೆ ಸಣ್ಣ ಕಡೆ ಆ ಹುಡುಕಾಟವೇ ಬೇಕಾಗುವುದಿಲ್ಲ.

ಸ್ನೇಹಕ್ಕೆ ಬೇಕಾಗುವ ಇನ್ನೊಂದು ವಸ್ತು ಸಮಯ. ಸಂವಹನ ಶಾಸ್ತ್ರಜ್ಞ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಗೆಳೆತನ ಎನ್ನಿಸಿಕೊಳ್ಳಲು ಸುಮಾರು 90 ಗಂಟೆ, ಆಪ್ತತೆಗೆ 200 ಗಂಟೆಗೂ ಹೆಚ್ಚು. ವಾರಕ್ಕೆ ಮೂರು ಗಂಟೆಯ ಒಂದು ತರಗತಿ ಹದಿನಾರು ವಾರ ನಡೆದರೆ 48 ಗಂಟೆ, ಅದರಲ್ಲಿಯೂ ಬಹುಪಾಲು ಉಪನ್ಯಾಸ ಕೇಳುವುದರಲ್ಲೇ ಕಳೆಯುತ್ತದೆ. ಅಂದರೆ ತರಗತಿಯೊಂದರಿಂದಲೇ ಆಪ್ತ ಗೆಳೆಯರು ಸಿಗುವುದು ಅಪರೂಪ. ಉಳಿದ ಗಂಟೆಗಳು ಊಟದ ಮೇಜು, ಹಾಸ್ಟೆಲಿನ ಪಡಸಾಲೆ, ತಾಲೀಮು, ಆಟದ ಮೈದಾನ, ಜೊತೆಯಾಗಿ ಮಾಡುವ ಯಾವುದಾದರೊಂದು ಕೆಲಸದಿಂದ ಬರಬೇಕು. ಮಾತಿಗಿಂತ ಕೆಲಸ ಮುಂದಿರುವ ಕೂಟಗಳು, ಉದಾಹರಣೆಗೆ ನಾಟಕದ ನೇಪಥ್ಯ, ಪತ್ರಿಕೆ, ವಾದ್ಯವೃಂದ, ಚಾರಣ, ನಿಮ್ಮಂಥವರಿಗೆ ಹೇಳಿಮಾಡಿಸಿದವು. ಆದ್ದರಿಂದ ‘ನಿಮ್ಮಲ್ಲಿ ಎಷ್ಟು ಸಂಘಗಳಿವೆ’ ಎಂದು ಕೇಳಬೇಡಿ, ಆ ಸಂಖ್ಯೆ ಎಲ್ಲ ಕಡೆಯೂ ದೊಡ್ಡದೇ. ಹೊಸಬರನ್ನು ಪರೀಕ್ಷೆ, ಸಂದರ್ಶನಗಳಿಲ್ಲದೆ ಸೇರಿಸಿಕೊಳ್ಳುವ, ವಾರಕ್ಕೆ ಎರಡು ಸಲವಾದರೂ ಸೇರುವ ಸಂಘಗಳು ಯಾವುವು ಎಂದು ಕೇಳಿ. ದೊಡ್ಡ ಹೆಸರಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘಕ್ಕೆ ಸೇರುವುದೇ ಕಾಲೇಜಿಗೆ ಸೇರುವಷ್ಟು ಸ್ಪರ್ಧೆಯ ವಿಷಯವಾಗಿಬಿಟ್ಟಿದೆ.

ಹಾಸ್ಟೆಲಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿ ವಸತಿಗಳಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಸಹಸಂಶೋಧಕರು ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಕ್ಕದ ಬಾಗಿಲಿನವರನ್ನು ಗೆಳೆಯರೆಂದು ಹೆಸರಿಸಿದವರು ಶೇ 41, ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹೆಸರಿಸಿದವರು ಶೇ 10. ಬಹಳ ಹಿಂದೇನಲ್ಲ, ಸಮಾಜಶಾಸ್ತ್ರಜ್ಞ ಡೇನಿಯಲ್ ಚೇಂಬ್ಲಿಸ್ ಅಮೆರಿಕದ ಹ್ಯಾಮಿಲ್ಟನ್ ಎಂಬ ಸಣ್ಣ ಕಾಲೇಜಿನ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರವೇ ಇದೆ: ಉದ್ದನೆಯ ಪಡಸಾಲೆ, ಹಂಚಿಕೊಂಡ ಕೋಣೆ, ಸಾಮಾನ್ಯ ಸ್ನಾನಗೃಹಗಳಿರುವ ಹಳೆಯ ಮಾದರಿಯ ಹಾಸ್ಟೆಲುಗಳು ಹೊಸಬರಿಗೆ ಸ್ನೇಹಿತರನ್ನು ದೊರಕಿಸಿಕೊಡುತ್ತವೆ, ಪ್ರತ್ಯೇಕ ಮನೆಗಳಂಥ ಸುಸಜ್ಜಿತ ವಸತಿಗಳು ಅಷ್ಟಾಗಿ ದೊರಕಿಸಿಕೊಡುವುದಿಲ್ಲ. ವಿಪರ್ಯಾಸವೆಂದರೆ ಮಾತು ಕಡಿಮೆ ಇರುವವರು ಮೊದಲು ಕೇಳುವುದೇ ಒಂಟಿ ಕೋಣೆಯನ್ನು. ಮೊದಲ ವರ್ಷದ ಮಟ್ಟಿಗೆ ಅದನ್ನು ಕೇಳಬೇಡಿ. ಮಲಗಲು ಒಂಟಿ ಕೋಣೆ ಇಲ್ಲದಿದ್ದರೂ ಓದಲು ಒಂಟಿ ಮೂಲೆ ಸಿಗುವ ಗ್ರಂಥಾಲಯವಿದ್ದರೆ ಸಾಕು, ಅದು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ವಿಚಾರಿಸಿ.

ಈಗ ಓದಿನ ವಿಷಯಕ್ಕೆ ಬರುತ್ತೇನೆ. ಎರಡು ದೂರದ ವಿಷಯಗಳನ್ನು ಜೊತೆಗೆ ಓದಬೇಕೆಂಬ ನಿಮ್ಮ ಆಸೆಗೆ ಸಂಬಂಧಿಸಿ ಕಾಲೇಜಿನ ಗಾತ್ರಕ್ಕಿಂತ ಮುಖ್ಯವಾದ ಒಂದು ನಿಯಮವಿದೆ: ಮುಖ್ಯ ವಿಷಯವನ್ನು ಯಾವಾಗ ನಿಗದಿ ಮಾಡಬೇಕು, ನಂತರ ಬದಲಾಯಿಸಲು ಬಿಡುತ್ತಾರೆಯೇ ಎಂಬುದು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಅರ್ಜಿ ಹಾಕುವಾಗಲೇ ಕೋರ್ಸು ಗೊತ್ತಾಗಿರಬೇಕು. ಸ್ಕಾಟ್ಲೆಂಡಿನ ನಾಲ್ಕು ವರ್ಷದ ಪದವಿಯಲ್ಲಿ ಆರಂಭದಲ್ಲಿ ಹಲವು ವಿಷಯಗಳಿಗೆ ಎಡೆ ಇರುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡನೆಯ ವರ್ಷದವರೆಗೆ ಕಾಯಬಹುದು. ಅಲ್ಲಿಯೇ ಒಂದಕ್ಕೊಂದು ವಿರುದ್ಧವಾದ ಮಾದರಿಗಳಿವೆ. 1919ರಿಂದ ಬೆಳೆದು ಬಂದ ಕೊಲಂಬಿಯಾದ ‘ಕೋರ್’ ಪಠ್ಯಕ್ರಮ ಎಲ್ಲರಿಗೂ ಕೆಲವು ಸಮಾನ ಓದುಗಳನ್ನು ಕಡ್ಡಾಯ ಮಾಡಿದರೆ, ಬ್ರೌನ್ ವಿಶ್ವವಿದ್ಯಾಲಯ 1969ರಲ್ಲಿ ಅಂಥ ಸಾಮಾನ್ಯ ಕಡ್ಡಾಯಗಳನ್ನೇ ತೆಗೆದುಹಾಕಿತು. ಕೊಲರಾಡೊ ಕಾಲೇಜು 1970ರಿಂದ ಒಂದು ಸಲಕ್ಕೆ ಒಂದೇ ವಿಷಯವನ್ನು ಮೂರೂವರೆ ವಾರ ಕಲಿಸುವ ಪದ್ಧತಿ ನಡೆಸಿಕೊಂಡು ಬಂದಿದೆ. ಸಂಕೋಚದವರಿಗೆ ಕೋರ್ ಮಾದರಿಯಲ್ಲಿ ಒಂದು ಗುಪ್ತ ಲಾಭವಿದೆ: ಎಲ್ಲರೂ ಅದೇ ಪುಸ್ತಕ ಓದುತ್ತಿರುವಾಗ ಅಪರಿಚಿತರೊಡನೆ ಮಾತಿಗೆ ವಿಷಯ ಸಿದ್ಧವಾಗಿಯೇ ಇರುತ್ತದೆ. ಮುಕ್ತ ಪಠ್ಯಕ್ರಮವು ತಾನೇ ಹೋಗಿ ಸಲಹೆ ಕೇಳುವ ಧೈರ್ಯವಿರುವವರಿಗೆ ಹೆಚ್ಚು ಕೊಡುತ್ತದೆ.

ಸಣ್ಣ ಕಾಲೇಜಿನ ನಿಜವಾದ ದೌರ್ಬಲ್ಯ ಇಲ್ಲಿಯೇ ಇದೆ. ಗಣಿತ ವಿಭಾಗದಲ್ಲಿ ಮೂವರೇ ಅಧ್ಯಾಪಕರಿದ್ದರೆ, ಅವರಲ್ಲಿ ಒಬ್ಬರು ರಜೆಯ ಮೇಲೆ ಹೋದರೆ ಮುಂದುವರಿದ ವಿಷಯಗಳು ಆ ವರ್ಷ ನಡೆಯುವುದೇ ಇಲ್ಲ. ವಿವರಣಾ ಪುಸ್ತಕದಲ್ಲಿ ಅಚ್ಚಾದ ವಿಷಯಗಳ ಪಟ್ಟಿ ಕಾಲೇಜಿನ ಆಸೆಯನ್ನು ತಿಳಿಸುತ್ತದೆ, ಕಳೆದ ಮೂರು ವರ್ಷಗಳ ವೇಳಾಪಟ್ಟಿ ವಾಸ್ತವವನ್ನು ತಿಳಿಸುತ್ತದೆ. ಎರಡನೆಯದನ್ನು ತರಿಸಿಕೊಳ್ಳಿ. ಆಧುನಿಕ ಬೀಜಗಣಿತ, ನೈಜ ವಿಶ್ಲೇಷಣೆ ಇವು ಪ್ರತಿ ವರ್ಷ ನಡೆದಿವೆಯೇ, ಇತಿಹಾಸದ ಸೆಮಿನಾರ್ ಮತ್ತು ಗಣಿತದ ಕಡ್ಡಾಯ ತರಗತಿ ಒಂದೇ ಹೊತ್ತಿಗೆ ಬಿದ್ದಿವೆಯೇ ನೋಡಿ. ಎರಡು ವಿಷಯಗಳನ್ನು ‘ಓದಬಹುದು’ ಎಂದು ನಿಯಮದಲ್ಲಿದ್ದೂ ವೇಳಾಪಟ್ಟಿಯಲ್ಲಿ ಅಸಾಧ್ಯವಾಗಿರುವ ಸಂಸ್ಥೆಗಳು ಬಹಳ ಇವೆ. ಇತ್ತೀಚೆಗೆ ಹಾಗೆ ಓದಿ ಮುಗಿಸಿದ ಒಬ್ಬರಾದರೂ ಇದ್ದಾರೆಯೇ ಎಂದು ವಿಭಾಗಕ್ಕೆ ಬರೆದು ಕೇಳಿದರೆ, ಉತ್ತರವಷ್ಟೇ ಅಲ್ಲ, ಉತ್ತರಿಸುವ ರೀತಿಯೂ ನಿಮಗೆ ಸಾಕಷ್ಟು ಹೇಳುತ್ತದೆ.

ಮನೆಯವರ ರ‍್ಯಾಂಕಿಂಗ್ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಆ ಪಟ್ಟಿ ಏನನ್ನು ಅಳೆದಿದೆ ಎಂದು ಅವರ ಜೊತೆ ಕೂತು ಓದಿ. 2003ರಲ್ಲಿ ಶುರುವಾದ, ಜಗತ್ತಿನ ವಿಶ್ವವಿದ್ಯಾಲಯಗಳ ಶಾಂಘೈ ರ‍್ಯಾಂಕಿಂಗ್ ಅನ್ನೇ ತೆಗೆದುಕೊಳ್ಳಿ. ನೊಬೆಲ್ ಪ್ರಶಸ್ತಿ ಮತ್ತು ಗಣಿತದ ಫೀಲ್ಡ್ಸ್ ಪದಕ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಶೇ 10, ಅಂಥ ಅಧ್ಯಾಪಕರಿಗೆ ಶೇ 20, ಹೆಚ್ಚು ಉಲ್ಲೇಖಗೊಂಡ ಸಂಶೋಧಕರಿಗೆ ಶೇ 20, ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳಲ್ಲಿನ ಪ್ರಬಂಧಗಳಿಗೆ ಶೇ 20, ಒಟ್ಟು ಪ್ರಬಂಧಗಳಿಗೆ ಶೇ 20, ಇವೆಲ್ಲವನ್ನೂ ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿದ್ದಕ್ಕೆ ಶೇ 10. ಪದವಿ ತರಗತಿಯೊಳಗೆ ಏನು ನಡೆಯುತ್ತದೆ ಎಂಬುದಕ್ಕೆ ಸೊನ್ನೆ. ಹೆಸರಿನಿಂದ ಸಂಬಳ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪರೀಕ್ಷಿಸಿದರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ರೀತಿ ಪ್ರವೇಶ ಪಡೆದವರಲ್ಲಿ, ಹೆಚ್ಚು ಹೆಸರಿನ ಕಡೆ ಸೇರಿದವರಿಗೂ ಕಡಿಮೆ ಹೆಸರಿನ ಕಡೆ ಸೇರಿದವರಿಗೂ ಮುಂದಿನ ಗಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬಗಳಿಂದ ಬಂದವರ ವಿಷಯದಲ್ಲಿ ಮಾತ್ರ ಕಂಡಿತು. ನಿಮ್ಮ ಕುಟುಂಬದಲ್ಲಿ ಕಾಲೇಜು ಮೆಟ್ಟಿಲು ಹತ್ತುವವರು ನೀವೇ ಮೊದಲಿಗರಾಗಿದ್ದರೆ, ಅಥವಾ ಕೈ ಹಿಡಿದು ಮೇಲೆತ್ತುವ ಪರಿಚಯಗಳು ಮನೆಯವರಿಗೆ ಇಲ್ಲದಿದ್ದರೆ, ಹೆಸರಾಂತ ಸಂಸ್ಥೆಯ ತೂಕ ನಿಜಕ್ಕೂ ಹೆಚ್ಚು, ಮನೆಯವರ ಮಾತಿಗೆ ಆಗ ಬಲವಿದೆ.

ಅದೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದೂ ಒಂದಿದೆ. ಸಮಾಜಶಾಸ್ತ್ರಜ್ಞ ಜೇಮ್ಸ್ ಡೇವಿಸ್ 1966ರಲ್ಲೇ ತೋರಿಸಿದಂತೆ, ವಿದ್ಯಾರ್ಥಿಗಳು ತಮ್ಮ ಸಾಮರ್ಥ್ಯವನ್ನು ಅಳೆದುಕೊಳ್ಳುವುದು ಸುತ್ತಲಿನವರಿಗೆ ಹೋಲಿಸಿಕೊಂಡು. ಬಲಿಷ್ಠ ತರಗತಿಯ ಮಧ್ಯದಲ್ಲಿರುವ ಒಳ್ಳೆಯ ವಿದ್ಯಾರ್ಥಿ ತನಗೆ ಈ ವಿಷಯ ಬರುವುದಿಲ್ಲ ಎಂದುಕೊಂಡು ಮಹತ್ವಾಕಾಂಕ್ಷೆಯನ್ನೇ ಕೈಬಿಡುವುದು ಗಣಿತದಂಥ ವಿಷಯಗಳಲ್ಲಿ ಅಪರೂಪವಲ್ಲ. ಹಿಂದಿದ್ದೇನೆ ಎಂದು ಗೊತ್ತಾದಾಗ ನೀವು ಬಾಯಿಬಿಟ್ಟು ಸಹಾಯ ಕೇಳುವವರೋ, ಮೌನವಾಗಿ ಹಿಂದೆ ಸರಿಯುವವರೋ? ಎರಡನೆಯವರಾದರೆ, ನಿಮ್ಮ ಪ್ರವೇಶದ ಅಂಕಗಳು ಆ ತರಗತಿಯ ಮೇಲಿನ ಅರ್ಧದಲ್ಲಿ ಬರುವಂಥ ಕಡೆ ಸೇರುವುದು ಹೇಡಿತನವಲ್ಲ.

ಗೆಳೆಯರ ಸಲಹೆಯಂತೆ ಹೋಗಿ ನೋಡಿ, ಆದರೆ ಆ ದಿನದ ಮನಸ್ಸಿಗೆ ಮತ ಹಾಕುವ ಹಕ್ಕು ಕೊಡಬೇಡಿ. ಯೂರಿ ಸೈಮನ್‌ಸನ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಓದಿಗೆ ಹೆಸರಾದ, ಮೋಜಿಗೆ ಅಷ್ಟಾಗಿ ಹೆಸರಾಗದ ವಿಶ್ವವಿದ್ಯಾಲಯವೊಂದಕ್ಕೆ ಭೇಟಿ ಕೊಟ್ಟ 1,284 ಮಂದಿಯಲ್ಲಿ, ಮೋಡ ಕವಿದ ದಿನ ಬಂದವರು ಅಲ್ಲಿ ಸೇರುವ ಸಂಭವ ಹೆಚ್ಚಿತ್ತು. ಹವಾಮಾನ ಕೂಡ ಸೀಟು ಹಂಚಬಲ್ಲದು ಎಂದಾಯಿತು. ಎಲಿಜಬೆತ್ ಡನ್ ಮತ್ತು ಸಂಗಡಿಗರ 2003ರ ಅಧ್ಯಯನದಲ್ಲಿ, ಚೀಟಿ ಎತ್ತಿ ಹಾಸ್ಟೆಲ್ ಹಂಚಲಾದ ವಿದ್ಯಾರ್ಥಿಗಳು ಒಳ್ಳೆಯ ಕಟ್ಟಡ ಸಿಕ್ಕರೆ ಬಹಳ ಸುಖಿಗಳಾಗುತ್ತೇವೆ, ಕೆಟ್ಟದ್ದು ಸಿಕ್ಕರೆ ದುಃಖಿಗಳಾಗುತ್ತೇವೆ ಎಂದು ಊಹಿಸಿದ್ದರು. ವರ್ಷದ ನಂತರ ನೋಡಿದರೆ ಎರಡೂ ಕಡೆಯವರ ಸಂತೋಷ ಬಹುತೇಕ ಒಂದೇ. ಊಹಿಸುವಾಗ ಅವರು ಕಟ್ಟಡ ಮತ್ತು ಜಾಗವನ್ನು ಲೆಕ್ಕಕ್ಕೆ ಹಿಡಿದಿದ್ದರು, ಜೊತೆಗಿರುವವರನ್ನು ಹಿಡಿದಿರಲಿಲ್ಲ. ಆದ್ದರಿಂದ ಭೇಟಿಯ ದಿನ ಕಾಲೇಜಿನವರು ತೋರಿಸುವ ಕಟ್ಟಡಗಳನ್ನು ಬೇಗ ಮುಗಿಸಿ, ಪ್ರಥಮ ವರ್ಷದ ಒಂದು ನಿಜವಾದ ಗಣಿತ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಪ್ರಶ್ನೆ ಕೇಳುವವರು ಎಷ್ಟು ಮಂದಿ, ತಪ್ಪು ಉತ್ತರಕ್ಕೆ ಅಧ್ಯಾಪಕರ ಪ್ರತಿಕ್ರಿಯೆ ಏನು, ತರಗತಿ ಮುಗಿದ ಮೇಲೆ ಹುಡುಗ ಹುಡುಗಿಯರು ಗುಂಪಾಗಿ ಹೋಗುತ್ತಾರೋ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಚದುರುತ್ತಾರೋ ನೋಡಿ. ಹಿರಿಯ ವಿದ್ಯಾರ್ಥಿಗಳನ್ನು ‘ಕಾಲೇಜು ಹೇಗಿದೆ’ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ‘ಕಳೆದ ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡಿದಿರಿ’ ಎಂದು ಕೇಳಿ. ಅಧ್ಯಾಪಕರೊಬ್ಬರ ಕೋಣೆಗೆ ಕೊನೆಯ ಸಲ ಹೋದದ್ದು ಯಾವಾಗ ಎಂದೂ ಕೇಳಿ.

ಶುಲ್ಕದ ಬಗ್ಗೆ ಎರಡೇ ಮಾತು: ಸಾಲದ ಕಂತು ಓದಿನ ನಂತರದ ನಿಮ್ಮ ಆಯ್ಕೆಗಳನ್ನು ಕಿರಿದು ಮಾಡುತ್ತದೆ, ಮತ್ತು ವಿದ್ಯಾರ್ಥಿವೇತನವಿದ್ದರೆ ಅದು ಎಲ್ಲ ವರ್ಷಗಳಿಗೂ ಇದೆಯೇ, ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಹಾಗೆಯೇ ಸೇರುವ ಮುನ್ನವೇ ಬಿಡುವ ದಾರಿಯನ್ನೂ ತಿಳಿದುಕೊಂಡಿರಿ. ಒಂದು ವರ್ಷದ ನಂತರ ಬೇರೆಡೆಗೆ ವರ್ಗಾಯಿಸಿಕೊಂಡರೆ ಓದಿದ ವಿಷಯಗಳು ಲೆಕ್ಕಕ್ಕೆ ಬರುತ್ತವೆಯೇ? ಮೊದಲ ಆರೇಳು ವಾರ ಎಲ್ಲಿಯೂ ಹಿಡಿಸದಿರುವುದು ಸಾಮಾನ್ಯ, ಅದರಿಂದ ಏನನ್ನೂ ತೀರ್ಮಾನಿಸಬಾರದು. ಎರಡನೆಯ ಸೆಮಿಸ್ಟರ್ ಮುಗಿಯುವಾಗಲೂ ಹೆಸರು ಹಿಡಿದು ಕರೆಯುವ ಅಧ್ಯಾಪಕರೊಬ್ಬರೂ, ಹೇಳದೆ ಕೋಣೆಗೆ ಬರುವ ಗೆಳೆಯರೊಬ್ಬರೂ ಇಲ್ಲವೆಂದಾದರೆ ಮಾತ್ರ ಆ ದಾರಿಯನ್ನು ಯೋಚಿಸಿ.

ನಿಮ್ಮ ಪತ್ರದಲ್ಲಿರುವಷ್ಟರಿಂದ ನನ್ನ ಒಲವು ಸಣ್ಣ ಕಾಲೇಜಿನ ಕಡೆಗೇ ಇದೆ, ಆದರೆ ನೀವು ಕೊಟ್ಟ ಕಾರಣಕ್ಕಲ್ಲ. ಎಲ್ಲರೂ ಹಾಸ್ಟೆಲಿನಲ್ಲೇ ಇರುತ್ತಾರೆ ಎಂಬ ಒಂದು ಸಂಗತಿಗೆ. ಮುಂದುವರಿದ ಗಣಿತ ಅಲ್ಲಿ ಪ್ರತಿ ವರ್ಷ ನಡೆಯುತ್ತಿಲ್ಲ ಎಂದು ವೇಳಾಪಟ್ಟಿಯಿಂದ ಗೊತ್ತಾದರೆ ಈ ಒಲವು ಬಿದ್ದುಹೋಗುತ್ತದೆ. ಆಗ ದೊಡ್ಡ ವಿಶ್ವವಿದ್ಯಾಲಯಕ್ಕೇ ಸೇರಿ, ಮೊದಲ ವರ್ಷ ಹಂಚಿಕೊಂಡ ಕೋಣೆಯನ್ನೂ, ಗುಂಪು ಬದಲಾಗದ ಟ್ಯುಟೋರಿಯಲನ್ನೂ, ವಾರಕ್ಕೆರಡು ಸಲ ಸೇರುವ ಒಂದು ಸಂಘವನ್ನೂ ಹಿಡಿದುಕೊಳ್ಳಿ. ಮೂರು ವರ್ಷಗಳ ವೇಳಾಪಟ್ಟಿ ಕೈಗೆ ಬಂದ ಮೇಲೂ ಎರಡೂ ಕಡೆ ಸಮ ಎನ್ನಿಸಿದರೆ, ಶುಲ್ಕ ಕಡಿಮೆ ಇರುವ ಕಡೆ ಸೇರಬಹುದು.